ಬಿಸಿ ಬ್ಯಾಳಿ, ತಣ್ಣನ ರೊಟ್ಟಿ

"ಉಲ್ಕೆ ಬಡಿದು ಕರಗಿದ ಬಂಡೆಯನ್ನು ಎಲ್ಲಕ್ಕಿಂತ ಮೊದಲು ತಣ್ಣಗೆ ಮಾಡುವುದು ಯಾವುದು?" ರಮೇಶಕುಮಾರ ಮಾಸ್ತರರು ಕೊನೆಯ ಪ್ರಶ್ನೆ ಕೇಳಿದರು. ಚಿತ್ತಾಪುರದಲ್ಲಿ ಹೈಸ್ಕೂಲು ಮಕ್ಕಳ ವಿಜ್ಞಾನ ರಸಪ್ರಶ್ನೆ. ಎರಡು ಶಾಲೆಗಳ ಅಂಕ ಸಮನಾಗಿತ್ತು.

ದಂಡೋತಿ ಶಾಲೆಯ ಸುಮಂಗಲಾ ಎದ್ದಳು. "ಕಲ್ಲಿನ ಚೂರುರಿ ಸರ್. ಕರಗಲಾರದ ಕಲ್ಲು ಒಡದು ಅದರಾಗೇ ಬೀಳ್ತಾವಲ್ರಿ. ಬಿಸಿ ಬ್ಯಾಳ್ಯಾಗ ನಿನ್ನಿ ರೊಟ್ಟಿ ಮುರದು ಹಾಕಿದ್ರ, ಊದೋದಕ್ಕಿಂತ ಲಗೂ ಆರ್ತದ. ನಮ್ಮವ್ವ ಹಂಗೇ ಮಾಡ್ತಾಳ."

ಮಾಸ್ತರರ ಕೈಯಲ್ಲಿದ್ದ ಹಾಳೆಯಲ್ಲಿ 'ಗಾಳಿ' ಎಂದಿತ್ತು. ಅವರೇ ಬರೆದದ್ದು. "ಇದು ಅಡಿಗಿ ಸ್ಪರ್ಧಾ ಅಲ್ಲವ್ವಾ, ಕುಂದ್ರು," ಎಂದರು. ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ತಮ್ಮ ಮಾತಿಗೆ ತಾವೂ ನಕ್ಕರು. ಇನ್ನೊಂದು ಶಾಲೆಯವರು 'ಗಾಳಿ' ಎಂದು ಹೇಳಿ ಗೆದ್ದರು.

ಊಟದ ಹೊತ್ತಿಗೆ, ಪ್ರಶ್ನೆ ತೆಗೆದಿದ್ದ ಲೇಖನವನ್ನು ಮಾಸ್ತರರು ಮೊಬೈಲಿನಲ್ಲಿ ಮತ್ತೆ ತೆರೆದರು. ಅವಸರದಲ್ಲಿ ಅರ್ಧವಷ್ಟೇ ಓದಿದ್ದರು. ಉಳಿದರ್ಧದಲ್ಲಿ ಬರೆದಿತ್ತು: ಶಿಲಾರಸದ ಶಾಖವನ್ನು ಮೊದಲು ಹೀರಿಕೊಳ್ಳುವುದು ಅದರೊಳಗೆ ಬೆರೆತ, ಕರಗದೆ ಉಳಿದ ತಣ್ಣನೆಯ ಚೂರುಗಳು. ಆಮೇಲೆ ಮೇಲಕ್ಕೂ ಕೆಳಗಿನ ನೆಲಕ್ಕೂ ನಿಧಾನವಾಗಿ ಶಾಖ ಬಿಟ್ಟುಕೊಡುತ್ತ ಅದು ಗಟ್ಟಿಯಾಗುತ್ತದೆ; ಪದರ ದಪ್ಪವಾಗಿದ್ದರೆ ಸಾವಿರಾರು ವರ್ಷವೂ ಹಿಡಿಯಬಹುದು. ಮಾಸ್ತರರು ತಟ್ಟೆಯನ್ನು ಬದಿಗೆ ಸರಿಸಿದರು.

ಬಹುಮಾನ ಕೊಡಲು ಇನ್ನೂ ಅರ್ಧ ಗಂಟೆಯಿತ್ತು. ಎದ್ದು ಸಂಘಟಕ ಮಡಿವಾಳಯ್ಯನವರ ಬಳಿ ಹೋದರು. ಅಷ್ಟು ಜನರನ್ನು ನಗಿಸಿದವರು ಈಗ ಅವರೆದುರೇ ನಗೆಪಾಟಲಾಗಬೇಕಲ್ಲ! "ಏನ್ರಿ ಸರ್?" ಎಂದು ಮಡಿವಾಳಯ್ಯ ಕೇಳಿದಾಗ, "ಏನಿಲ್ರಿ, ಕುಡಿಯೂ ನೀರು ಎಲ್ಲಿ ಇಟ್ಟೀರಿ?" ಎಂದುಬಿಟ್ಟರು.

ಸಂಜೆ ಬಸ್ ನಿಲ್ದಾಣದಲ್ಲಿ ಸುಮಂಗಲಾ ಎದುರಾದಳು. ಜೊತೆಯಲ್ಲಿ ತಾಯಿ ಪೀರಮ್ಮ. ಒಂದು ದಿನದ ಕೂಲಿ ಬಿಟ್ಟು ಮಗಳನ್ನು ನೋಡಲು ಬಂದವಳು ಹಿಂದಿನ ಸಾಲಿನಲ್ಲಿ ಕೂತು ಆ ನಗುವನ್ನೆಲ್ಲ ಕೇಳಿದ್ದಳು. ಮಾಸ್ತರರನ್ನು ಕಂಡವಳೇ ಕೈಮುಗಿದಳು.

"ತಪ್ಪ ತಿಳ್ಕೋಬ್ಯಾಡ್ರಿ ಸರ್. ಮನ್ಯಾಗಿನ ಮಾತು ಸಭಾದಾಗ ಆಡಿಬಿಟ್ಲು. ನಾ ಬೈದೀನ್ರಿ ಆಕಿಗಿ."

ಮಾಸ್ತರರ ಮುಖಕ್ಕೆ ಬೆಂಕಿ ತಾಗಿದಂತಾಯಿತು. "ಬೈಬ್ಯಾಡ್ರಿ ಅಕ್ಕಾ. ಆಕಿ ಹೇಳಿದ್ದೇ ಖರೇ ಅದ, ತಪ್ಪು ನಂದು. ಬಹುಮಾನ ಕೊಡೂಕಿಂತ ಮೊದ್ಲೇ ನನಗ ಗೊತ್ತಾಗಿತ್ತು. ಹೇಳ್ಲಿಕ್ಕ ಬಾಯಿ ಬರಲಿಲ್ಲ."

ಸುಮಂಗಲಾ ತಲೆಯೆತ್ತಿ ಅವರನ್ನೇ ದಿಟ್ಟಿಸಿದಳು. ಪೀರಮ್ಮ ಮಾತ್ರ ನಂಬಲಿಲ್ಲ. "ಹುಡುಗಿ ಮನಸ್ಸು ನೋಯಬಾರದಂತ ಹಂಗ ಹೇಳಾಕತ್ತೀರಿ. ಭಾಳ ದೊಡ್ಡ ಮನಸ್ಸು ನಿಮ್ದು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳ ಬೆನ್ನು ತಟ್ಟಿ, "ಸರ್ ಕಾಲಿಗಿ ಬೀಳವ್ವಾ," ಎಂದಳು.

"ಬ್ಯಾಡ್ರಿ, ಬ್ಯಾಡ್ರಿ," ಎನ್ನುತ್ತ ಮಾಸ್ತರರು ಹಿಂದೆ ಸರಿದರು. ಬೆನ್ನಿಗೆ ಕಂಬ ತಗುಲಿತು. ಅಷ್ಟರಲ್ಲಿ ದಂಡೋತಿಯ ಬಸ್ ಬಂದು ನಿಂತಿತು.

ಸುಮಂಗಲಾ ಬಗ್ಗಿದಳು. ಅವರ ಪಾದದ ಹತ್ತಿರಕ್ಕೆ ಬಂದ ಕೈ ಅಲ್ಲಿಂದ ಹೊರಳಿ, ತನ್ನದೇ ಚಪ್ಪಲಿಯ ಪಟ್ಟಿಯನ್ನು ಬಿಗಿ ಮಾಡಿತು. ಎದ್ದು ನಿಂತು, ತಾಯಿಯ ಕೈ ಹಿಡಿದು ಬಸ್ ಹತ್ತಿದಳು.