ಹನಿಗಳ ಎಣಿಕೆ

ರಜೆಯಲ್ಲಿದ್ದ ಮ್ಯಾನೇಜರಿಗೆ ಪ್ರೋಗ್ರಾಂ ಬರೆಯುವ ಹುಡುಗಿ ಆಫೀಸಿನಿಂದ ಫೋನ್ ಮಾಡಿದಳು.

“ಸಾರ್, ನಮ್ಮ ನೋವಿನ ಔಷಧಿ ಪಂಪಿಗೆ ಅಗ್ಗದ ಚಿಪ್ ಹಾಕಿದ್ರಲ್ಲ, ಹನಿ ಎಣಿಸೋ ಕೌಂಟರ್ ಎಷ್ಟು ದೊಡ್ಡ ಸಂಖ್ಯೆ ಹಿಡೀಬೇಕು ಅಂತ ಪ್ರೋಗ್ರಾಂನಲ್ಲಿ ಹೇಳ್ದೆ, ಸುಮ್ನೆ ‘ಇಂಟ್’ ಅಂತ ಬರೆದು ಚಿಪ್ಪಿಗೇ ಬಿಟ್ಟಿದೀವಿ. ಹಳೇ ಚಿಪ್ ಕೋಟಿಗಟ್ಟಲೆ ಎಣಿಸ್ತಿತ್ತು. ಇದು ಮೂವತ್ತೆರಡು ಸಾವಿರ ದಾಟಿದ್ರೆ ಮೈನಸ್‌ಗೆ ಬೀಳುತ್ತೆ. ಆಮೇಲೆ ಸಾಕು ಅನ್ನೋದೇ ಗೊತ್ತಾಗ್ದೆ ಔಷಧಿ ಬಿಡ್ತಾನೇ ಇರುತ್ತೆ.”

ಮ್ಯಾನೇಜರ್ ಆಕಳಿಸಿದರು. “ಟೆಸ್ಟ್ ಎಲ್ಲ ಪಾಸಾಯ್ತಲ್ಲಮ್ಮ?”

“ಪ್ರತಿ ಟೆಸ್ಟಿಗೂ ಮುಂಚೆ ಆಫ್ ಮಾಡಿ ಆನ್ ಮಾಡ್ತೀವಿ, ಎಣಿಕೆ ಸೊನ್ನೆಯಿಂದ ಶುರುವಾಗುತ್ತೆ. ಆಸ್ಪತ್ರೇಲಿ ಯಾರು ಸಾರ್ ಆಫ್ ಮಾಡ್ತಾರೆ?”

“ಮುಂದಿನ ವರ್ಷನ್‌ನಲ್ಲಿ... ನೋಡೋಣ.” ನಾಲಿಗೆ ಯಾಕೋ ಭಾರವಾಗಿತ್ತು. ಫೋನು ದಿಂಬಿನ ಮೇಲೆ ಜಾರಿತು.

ನರ್ಸ್ ಹೊದಿಕೆ ಸರಿಮಾಡಿದಳು. “ನಿಮ್ಮ ಕಂಪನಿಯ ಹೊಸ ಪಂಪೇ ಹಾಕಿದೀವಿ ಸಾರ್. ಆಪರೇಷನ್ ಆದಾಗಿಂದ ಒಂದ್ಸಲಾನೂ ಆಫ್ ಮಾಡಿಲ್ಲ.”