ತಿರುವಿನಲ್ಲಿ ನಿಂತ ಮನೆ

“ಇಲ್ಲೇ ನಿಲ್ಸಿ. ಬಾಗ್ಲ ಮುಂದೆ ಬೇಡ,” ಎಂದಳು ಆಶಾರಾಣಿ.

ಕಾಂತರಾಜು ಬ್ರೇಕ್ ಒತ್ತಿದ. ಬೀಗರ ಮನೆ ಇನ್ನೂ ಏಳೆಂಟು ಮನೆ ಆಚೆಗಿತ್ತು. “ಮಗಳ ಸೀಮಂತಕ್ಕೆ ಬಂದಿದ್ದೀವಿ ಕಣೇ, ಕಳ್ಳತನಕ್ಕಲ್ಲ,” ಎಂದ. ಆದರೂ ಗಾಡಿಯನ್ನು ತಿರುವಿನ ಹೊಂಗೆಮರದ ಕೆಳಗೆ, ನಿಂತಿದ್ದ ಲಾರಿಯೊಂದರ ಮರೆಗೆ ಹಾಕಿದ.

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಬಸ್ಸನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿದವನು ಅವನು. ಓಡಿಸಿದ್ದೆಲ್ಲ ಅದೇ ಹನ್ನೊಂದು ಕಿಲೋಮೀಟರ್. ನಿವೃತ್ತಿಯಾದ ತಿಂಗಳೇ ಹಳೇ ಮಿನಿಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಸಿಂಕು, ಗ್ಯಾಸ್ ಒಲೆ ಕೂರಿಸಿ, ದೊಡ್ಡಬಳ್ಳಾಪುರದ ಬಾಡಿಗೆ ಮನೆ ಖಾಲಿ ಮಾಡಿಬಿಟ್ಟ. ಎರಡು ವರ್ಷದಿಂದ ಗಂಡ ಹೆಂಡತಿಯ ಸಂಸಾರ ಅದರಲ್ಲೇ, ಊರಿಂದ ಊರಿಗೆ. ಗೋಕರ್ಣದ ಸಮುದ್ರದ ಎದುರು ಸಾರು ಕುದಿಸುವಾಗ ಆಶಾರಾಣಿಗೆ ಯಾವ ಸಂಕೋಚವೂ ಇರಲಿಲ್ಲ. ಬೀಗರ ಊರು ನೆಲಮಂಗಲ ಹತ್ತಿರವಾಗುತ್ತಿದ್ದಂತೆ ಅಷ್ಟೂ ಸಂಕೋಚ ಒಟ್ಟಿಗೆ ಗಾಡಿ ಹತ್ತಿ ಕೂತಿತು. ಸೀಮಂತವಾದ ಹುಡುಗಿಯನ್ನು ತವರಿಗೆ ಕರೆದೊಯ್ದು ಮೂರು ರಾತ್ರಿ ಇರಿಸಿಕೊಂಡು ಕಳಿಸಬೇಕು. ಕರೆದೊಯ್ಯುವುದು ಎಲ್ಲಿಗೆ? ಯೋಚಿಸಿ ಯೋಚಿಸಿ, ಹೊಸಕೋಟೆಯಲ್ಲಿರುವ ಅಕ್ಕ ವರಲಕ್ಷ್ಮಮ್ಮನಿಗೆ ಫೋನು ಮಾಡಿ ಒಂದು ಕೋಣೆ ಕೇಳಿಕೊಂಡಿದ್ದಳು.

ಮಗಳು ಅಕ್ಷತಳ ಕೈಗೆ ಹಸಿರು ಬಳೆ ಏರುತ್ತಿದ್ದಾಗ ಅವಳ ಅತ್ತೆ ಕದಿರಮ್ಮ ಎಲ್ಲರೆದುರಿಗೇ ಕೇಳಿದರು: “ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಹುಡ್ಗೀನ?”

“ಹೊಸಕೋಟೆಗೆ. ನಮ್ಮಕ್ಕನ ಮನೆ. ಅಟ್ಯಾಚ್ ಬಾತ್‌ರೂಮ್ ಇದೆ,” ಎಂದಳು ಆಶಾರಾಣಿ. ಆ ಕೊನೇ ಮಾತು ಯಾಕೆ ಹೇಳಿದೆನೋ ಎಂದು ಅವಳಿಗೇ ನಾಚಿಕೆಯಾಯಿತು.

“ಅದು ದೊಡ್ಡಮ್ಮನ ಮನೆ ಆಯ್ತು. ತವರೆಲ್ಲಿ?”

ಬಳೆ ತೊಡಿಸುತ್ತಿದ್ದವಳ ಕೈ ನಿಂತಿತು. “ತವರಿಗೆ ನಾಲ್ಕು ಗಾಲಿ ಇದ್ಯಂತೆ,” ಎಂದು ಹಿಂದಿನಿಂದ ಯಾರೋ ಹೆಂಗಸು ನಕ್ಕಳು.

“ಆರು,” ಎಂದ ಬಾಗಿಲಲ್ಲಿ ನಿಂತಿದ್ದ ಕಾಂತರಾಜು. “ಹಿಂದ್ಗಡೆ ಜೋಡಿ ಗಾಲಿ.”

ಎಲ್ಲರೂ ನಕ್ಕರು, ಅಕ್ಷತಳೂ ನಕ್ಕಳು. ಆಶಾರಾಣಿ ಮಾತ್ರ ತಲೆ ತಗ್ಗಿಸಿ ಚೆಲ್ಲಿದ್ದ ಅಕ್ಷತೆ ಕಾಳನ್ನು ಒಂದೊಂದಾಗಿ ಆರಿಸತೊಡಗಿದಳು.

ಸಂಜೆ ಹೊರಟಾಗ ಕದಿರಮ್ಮ ಕಳಿಸಿಕೊಡಲು ತಾವೂ ಜೊತೆಗೆ ಬಂದರು. “ಏಳು ತಿಂಗಳ ಬಸುರಿ. ಗಾಡೀನ ಬಾಗ್ಲಿಗೆ ತರೋಕೇನಾಗಿತ್ತು?”

“ರಸ್ತೆ ಇಕ್ಕಟ್ಟಲ್ವಾ, ಹಿಡಿಯಲ್ಲ ಅಂತ...” ಆಶಾರಾಣಿ ಮಾತು ಮುಗಿಸುವ ಮೊದಲೇ ಹತ್ತಿರದ ಗೋಡೌನಿನ ದೊಡ್ಡ ಲಾರಿಯೊಂದು ಅವರ ಪಕ್ಕದಲ್ಲೇ ಸಲೀಸಾಗಿ ಹಾದುಹೋಯಿತು. ಕದಿರಮ್ಮ ಲಾರಿಯನ್ನೂ ನೋಡಿದರು, ಬೀಗಿತ್ತಿಯನ್ನೂ ನೋಡಿದರು.

ಅಕ್ಷತ ಗಾಡಿ ಹತ್ತಲು ಕಾಲೆತ್ತಿದಳು. “ತಡಿ,” ಎಂದರು ಕದಿರಮ್ಮ. “ಇದಕ್ಕೆ ಅರಿಶಿನ ಕುಂಕುಮ ಇಟ್ಟಿಲ್ವಾ?”

“ಅದು ಫುಟ್‌ಬೋರ್ಡು,” ಎಂದಳು ಆಶಾರಾಣಿ.

“ಒಳಗೆ ಒಲೆ ಉರಿಯುತ್ತಾ?”

“ಉರಿಯುತ್ತೆ.”

“ಮತ್ತೆ? ಹೊಸಿಲಲ್ವಾ ಇದು?”

ಡ್ರೈವರ್ ಸೀಟಿನ ಮೇಲಿದ್ದ ದೇವರ ಪಟದ ಮುಂದಿನಿಂದ ಆಶಾರಾಣಿ ಭರಣಿ ತಂದುಕೊಟ್ಟಳು. ಕದಿರಮ್ಮ ಮಂಡಿ ಹಿಡಿದುಕೊಂಡು ಬಗ್ಗಿ, ತುಳಿದು ತುಳಿದು ಸವೆದಿದ್ದ ಆ ಮೆಟ್ಟಿಲಿಗೆ ತಾವೇ ಅರಿಶಿನ ಬಳಿದು ಕುಂಕುಮ ಇಟ್ಟರು. ಅಕ್ಷತ ಬಲಗಾಲಿಟ್ಟು ಒಳಗೆ ಹೋದಳು. ಹಿಂದೆಯೇ, ಚಪ್ಪಲಿ ಕೆಳಗೆ ಬಿಟ್ಟು, ಕದಿರಮ್ಮನೂ ಹತ್ತಿದರು.

ಹಾಸಿಗೆ ಒತ್ತಿ ನೋಡಿದರು. ನಲ್ಲಿ ತಿರುಗಿಸಿ ನೋಡಿದರು. ಆಮೇಲೆ ಕಿಟಕಿಯ ಪಕ್ಕ ಕೂತು, ಯಾರನ್ನೂ ನೋಡದೆ ಹೇಳಿದರು: “ನನ್ನ ತವರು ದೇವನಹಳ್ಳಿ ಕಡೆ. ಏರ್‌ಪೋರ್ಟಿಗೆ ಹೋಯ್ತು. ತಮ್ಮಂದಿರು ಒಬ್ಬೊಬ್ರು ಒಂದೊಂದು ಕಡೆ ಆದ್ರು. ಹದಿನೇಳು ವರ್ಷ ಆಯ್ತು, ತವರಿಗೆ ಹೋಗ್ತೀನಿ ಅಂತ ನಾನು ಬ್ಯಾಗ್ ಹಿಡಿದು. ಒಂದ್ಸಲ ಮಗ ವಿಮಾನ ತೋರಿಸ್ತೀನಿ ಅಂತ ಕರ್ಕೊಂಡು ಹೋಗಿದ್ದ. ಎಲ್ಲಾರೂ ಮೇಲೆ ನೋಡ್ತಿದ್ರು. ನಾನು ಬೇಲಿ ಹಿಡ್ಕೊಂಡು, ನಮ್ಮ ಅಡುಗೆಮನೆ ಯಾವ ಜಾಗದಲ್ಲಿತ್ತು ಅಂತ ನೆಲ ನೋಡ್ತಿದ್ದೆ.”

ಬೆಳಿಗ್ಗೆ ‘ತವರೆಲ್ಲಿ?’ ಎಂದು ಕೇಳಿದ್ದು ಮೂದಲಿಕೆ ಅಲ್ಲವೇನೋ ಎಂದು ಆಶಾರಾಣಿಗೆ ಆಗ ಹೊಳೆಯಿತು.

“ಹೊಸಕೋಟೆ ಬೇಡ,” ಎಂದಳು ಗಂಡನಿಗೆ. “ಶಿವಗಂಗೆ ಬೆಟ್ಟದ ಕೆಳಗೆ ನಿಲ್ಸಿ. ಅಕ್ಕನಿಗೆ ನಾನು ಹೇಳ್ತೀನಿ.”

ಕದಿರಮ್ಮ ಇಳಿಯಲು ಎದ್ದರು. “ಒಂದ್ನಿಮಿಷ ಕದಿರಮ್ಮನೋರೇ,” ಎಂದು ಆಶಾರಾಣಿ ಡಬ್ಬ ತೆಗೆದಳು. ಅಕ್ಕಿ, ಬೆಲ್ಲದಚ್ಚು, ಒಂದು ಕೊಬ್ಬರಿ, ಅಕ್ಕನಿಗೆಂದು ಇಟ್ಟಿದ್ದ ರವಿಕೆ ಕಣ. “ಸೆರಗು ಒಡ್ಡಿ. ಬರಿ ಮಡಿಲಲ್ಲಿ ಇಳೀಬೇಡಿ.”

“ನಾನು ನಿನಗಿಂತ ದೊಡ್ಡೋಳು ಕಣಮ್ಮ.”

“ಆದ್ರೇನು, ಇಳೀತಿರೋದು ನಮ್ಮ ಹೊಸಿಲಿಂದ.”

ಕದಿರಮ್ಮ ಸೆರಗು ಒಡ್ಡಿದರು.

ಕಾಂತರಾಜು ಗಾಡಿ ಹೊರಡಿಸಿದಾಗ ಆಶಾರಾಣಿ ಪಕ್ಕದ ಕನ್ನಡಿಯಲ್ಲಿ ನೋಡಿದಳು. ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುತ್ತ ಬೀಗರ ಮನೆಯ ಕಡೆಗೆ ಆಮೆಯಂತೆ ತೆವಳುತ್ತಿತ್ತು. ಅದರ ಮುಂದೆ ಕದಿರಮ್ಮ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಳೂ ಚೆಲ್ಲದ ಹಾಗೆ, ರಸ್ತೆಯ ನಟ್ಟನಡುವೆ ನಡೆದು ಹೋಗುತ್ತಿದ್ದರು.