ಗುಹೆಯೊಳಗಿನ ಕೂಗು

ಆ ಭಾನುವಾರ ಬೆಳಿಗ್ಗೆ ಎಂಥ ಮಂಜೆಂದರೆ, ಬೀದಿಯಲ್ಲಿ ಹಾಲಿನವನ ದನಿ ಬರುತ್ತಿತ್ತು, ಹಾಲಿನವನು ಕಾಣುತ್ತಿರಲಿಲ್ಲ. ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ ಅತ್ತೆ ಕಿಟಕಿ ಮುಚ್ಚಿದರು. ಬಟ್ಟೆ ಕತ್ತರಿಸುವ ಮೇಜನ್ನು ಒರೆಸಿ, ಸೀಮೆಸುಣ್ಣದಿಂದ ಅದರ ಮೇಲೊಂದು ಗುಹೆ ಬರೆದರು. ವಾರವೆಲ್ಲ ಹೊಲಿಗೆ, ಭಾನುವಾರ ಈ ಆಟ. ಅತ್ತೆ ಕಥೆ ಹೇಳಬೇಕು. ಮಗ, ಸೊಸೆ ಆ ಕಥೆಯೊಳಗಿನ ವೀರರಾಗಿ ನಡೆಯಬೇಕು. ಗೆಲುವೋ ಸೋಲೋ ಎನ್ನುವಲ್ಲಿ ಇಪ್ಪತ್ತು ಮುಖದ ದಾಳ ತೀರ್ಪು ಕೊಡಬೇಕು; ಜಾಣತನದ ಸಿದ್ಧತೆಗೆ ಅತ್ತೆ ಅದರ ಮೇಲಿಷ್ಟು ಸೇರಿಸಬಹುದು. ವೀರರೆಂದರೆ ಗುಂಡಿಗಳು. ಮಗನದು ಕೋಟಿನ ಕರಿ ಗುಂಡಿ. ಸೊಸೆಯದು ಹೋದ ವಾರದವರೆಗೆ ಹಿತ್ತಾಳೆಯದು, ಇವತ್ತು ಅಂಗಿಯ ಬಿಳಿ ಗುಂಡಿ.

ಹಿತ್ತಾಳೆ ಗುಂಡಿ ಅತ್ತೆಯದು. ಹುಡುಗಿಯಾಗಿದ್ದಾಗಿನಿಂದ ಆಡಿ, ಒಮ್ಮೆಯೂ ಸಾಯಗೊಡದೆ ಉಳಿಸಿಕೊಂಡು ಬಂದ ವೀರೆ. ಸೊಸೆ ಮನೆಗೆ ಬಂದಾಗ, "ಕೊಟ್ಟೇಬಿಟ್ಟೆ ಅನ್ಕೋಬೇಡ, ಎರವಲು. ಜೋಪಾನ" ಎಂದು ಅವಳ ಕೈಗಿತ್ತಿದ್ದರು. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಹೋದ ವಾರ ಗುಹೆಯ ಕತ್ತಲಲ್ಲಿ ಯಾರೋ ನರಳಿದ್ದೇ ತಡ, ಹಿಂದೆಮುಂದೆ ನೋಡದೆ ಓಡಿದಳು. ನರಳಿದ್ದು ಮನುಷ್ಯರ ದನಿ ಕದಿಯುವ ರಕ್ಕಸಿ; ಹಿತ್ತಾಳೆಯ ವೀರೆಯನ್ನು ನುಂಗಿಬಿಟ್ಟಳು. ಅವಳು ನುಂಗಿದ್ದೆಲ್ಲ ಸೀಮೆಸುಣ್ಣದ ಡಬ್ಬಿಗೆ ಹೋಗಬೇಕು, ಅವಳು ಬಿದ್ದರಷ್ಟೇ ಡಬ್ಬಿ ತೆರೆಯಬೇಕು. ಅದು ಈ ಮನೆಯ ಕಟ್ಟಳೆ. ತನ್ನದೇ ಗುಂಡಿಯೆಂದು ಅತ್ತೆ ಅದನ್ನು ಸಡಿಲಿಸಲಿಲ್ಲ.

"ಇವತ್ತೂ ತಪ್ಪಿದ್ರೆ ರಕ್ಕಸಿ ಈ ಗುಹೆ ಬಿಟ್ಟು ಹೋಗ್ತಾಳೆ. ಆಮೇಲೆ ಅವಳೂ ಸಿಗಲ್ಲ, ಗುಂಡಿಯೂ ಸಿಗಲ್ಲ" ಎಂದರು.

"ಹಾಗಾದ್ರೆ ನುಗ್ಗೋಣ" ಎಂದ ಮಗ. ಅವನು ಬಸ್ ಡ್ರೈವರ್.

"ನುಗ್ಗೋಕೆ ಇದು ನಿಮ್ಮ ಬಸ್ ಸ್ಟ್ಯಾಂಡ್ ಅಲ್ಲ ರೀ." ಸೊಸೆ ಮೇಜಿನ ಮೇಲೆ ಬಾಗಿದಳು. "ಅತ್ತೆ, ಗುಹೆ ಸುತ್ತಮುತ್ತ ಯಾರಾದ್ರೂ ಇದ್ದಾರಾ?"

"ಕುರಿ ಕಾಯೋ ಮುದುಕಿ ಇದ್ದಾಳೆ."

"ಅವಳ ಹತ್ರ ಕೂತ್ಕೊಂಡು ಕೇಳ್ತೀನಿ. ರಕ್ಕಸಿ ಕೂಗ್ತಾಳೆ, ಸರಿ. ಅವಳ ಗುಹೆಯಲ್ಲಿ ಬೇರೆಯವರು ಕೂಗಿದ್ರೆ?"

ಅತ್ತೆಯ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಮುದುಕಿಯ ದನಿ ತೆಗೆದು ಹೇಳಿದರು: "ಅದನ್ನ ಅವಳು ತಡ್ಕೊಳ್ಳಲ್ಲ ತಾಯಿ. ನನ್ನ ಜಾಗದಲ್ಲಿ ಇನ್ಯಾರು ಅಂತ ಹುಡುಕ್ಕೊಂಡು ಬರ್ತಾಳೆ."

ಸೊಸೆ ಅವಸರ ಮಾಡಲಿಲ್ಲ. ಗುಹೆಯಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಬಾಗಿಲು ಯಾವುದೆಂದು ಕೇಳಿ ತಿಳಿದಳು. ಅದರ ಹೊಸ್ತಿಲಿಗೆ ಎಣ್ಣೆ ಸುರಿದಳು. ಕಾಲಿಗೆ ತೊಡರುವ ಎತ್ತರದಲ್ಲಿ ಹಗ್ಗ ಹಾಯಿಸಿ, ತುದಿಯನ್ನು ತಾನೇ ಹಿಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆಪರೇಷನ್‌ಗೆ ಮುಂಚೆ ಯಾರ ಕೆಲಸ ಏನು ಅಂತ ನಾವು ಬಾಯಿಬಿಟ್ಟು ಹೇಳ್ತೀವಿ. ಹೇಳಿ, ನಿಮ್ಮದೇನು?"

"ಬಾಗಿಲ ಈಚೆ ಕೂತು ನರಳೋದು. ಮದುವೆಯಾದವನಿಗೆ ಹೊಸ ಕೆಲಸವೇನಲ್ಲ."

"ಅವಳ ಹೆಜ್ಜೆ ಕೇಳಿದ ಮೇಲೆ?"

"ಬಾಯಿ ಮುಚ್ಕೋಬೇಕು. ಅಲ್ಲಿಂದ ಮುಂದೆ ಕೇಳೋ ಕೂಗೆಲ್ಲ ಅವಳದೇ."

"ನಿಜವಾಗ್ಲೂ ಪೆಟ್ಟು ಬಿದ್ರೆ?"

"ಕೂಗಲ್ಲ. ಕಲ್ಲಿಗೆ ಕಲ್ಲು ತಟ್ತೀನಿ."

ಮಗ ನರಳಿದ. ಅತ್ತೆ ಬೆರಳ ಗೆಣ್ಣಿನಿಂದ ಮೇಜನ್ನು ಮೆಲ್ಲಗೆ ಬಡಿದರು. ಹೆಜ್ಜೆ ಹತ್ತಿರ ಬಂತು. ಮಗ ಬಾಯಿ ಮುಚ್ಚಿದ. ರಕ್ಕಸಿ ಎಣ್ಣೆಯ ಅಂಚಿಗೆ ಬಂದು ನಿಂತಳು. ಆಗ ಅತ್ತೆಯ ಗಂಟಲಿನಿಂದ ಮಗನ ದನಿಯೇ ಹೊರಟಿತು: "ಬಾರೇ, ಉಸಿರು ಕಟ್ತಿದೆ ಕಣೇ." ಹೆತ್ತವಳಿಗಲ್ಲದೆ ಇನ್ಯಾರಿಗೆ ಆ ದನಿ ಅಷ್ಟು ಚೆನ್ನಾಗಿ ಗೊತ್ತಿರುತ್ತದೆ? ಮಗನೇ ಬೆಚ್ಚಿಬಿದ್ದ. ಸೊಸೆಯ ಕೈ ತಾನಾಗಿಯೇ ಬಿಳಿ ಗುಂಡಿಯ ಕಡೆ ಹೋಯಿತು. ಅಲ್ಲೇ ತಡೆದು ನಿಂತಿತು. ಅವಳು ಕಿವಿಗೊಟ್ಟಳು. ಕಲ್ಲು ತಟ್ಟಿದ ಸದ್ದಿಲ್ಲ. ಕೈ ಹಿಂದೆ ತೆಗೆದುಕೊಂಡು, ದೇವರ ಮುಂದೆ ಕೂತವರ ಹಾಗೆ ಕೂತಳು.

"ನಾನು ಏಳಲ್ಲ ಅತ್ತೆ. ಹಗ್ಗ ಬಿಡಲ್ಲ."

ಬೇಟೆ ಬಾರದಿದ್ದಾಗ ರಕ್ಕಸಿಯೇ ಬಾಗಿಲೊಳಗೆ ಕಾಲಿಟ್ಟಳು.

"ಈಗ ಎಳೀತೀನಿ."

"ಇವಳನ್ನ ಬೀಳಿಸೋಕೆ ಇಪ್ಪತ್ತು ಬೇಕು. ದಾಳ ಹಾಕು."

ದಾಳ ಉರುಳಿ ನಿಂತಿತು. ಆರು. ಮಗ ಈ ಸಲ ನಿಜವಾಗಿಯೇ ನರಳಿದ.

"ಇರು" ಎಂದರು ಅತ್ತೆ. "ಇಕ್ಕಟ್ಟು ಬಾಗಿಲಲ್ಲಿ ಅವಳು ತಿರುಗೋ ಹಾಗಿಲ್ಲ, ಅದಕ್ಕೆ ನಾಲ್ಕು. ಎಣ್ಣೆಗೆ ನಾಲ್ಕು. ಹಗ್ಗಕ್ಕೆ ಮೂರು. ಎಷ್ಟಾಯ್ತು?"

"ಹದಿನೇಳು" ಎಂದಳು ಸೊಸೆ. ದನಿ ಕೆಳಗಿಳಿದಿತ್ತು.

"ಕೂಗಿದಾಗ ಓಡದೆ ಕೂತಿದ್ದಕ್ಕೆ ಮೂರು."

ಇಪ್ಪತ್ತಾಯಿತು; ರಕ್ಕಸಿ ಬಿದ್ದಳು. ಆಮೇಲೆ ಮಗ ಹುಬ್ಬೇರಿಸಿದ. "ಅಮ್ಮಾ, ನಿನ್ನ ಗುಂಡಿಗೋಸ್ಕರ ಲೆಕ್ಕ ಬಗ್ಗಿಸಿದ್ಯಾ?"

"ಹೋದ ವಾರ ಬಗ್ಗಿಸಿದ್ನಾ? ಈ ರಕ್ಕಸಿಯನ್ನ ಕಟ್ಟೋಕೆ ನನಗೆ ತಿಂಗಳು ಹಿಡೀತು ಕಣೋ. ಸುಮ್ಮನೆ ಸಾಯಿಸ್ತೀನಾ?" ಅತ್ತೆ ಬಿದ್ದ ರಕ್ಕಸಿಯ ಬಟ್ಟೆಗೊಂಬೆಯನ್ನು ಮೇಜಿನಿಂದ ಎತ್ತಿದರು. ಸೋತವರ ಮುಖವಾಗಿರಲಿಲ್ಲ ಅದು. ತಾವು ಹೊಲಿದ ಬಟ್ಟೆ ಯಾರದೋ ಮೈಮೇಲೆ ಒಪ್ಪವಾಗಿ ಕೂತದ್ದನ್ನು ನೋಡುವವರ ಮುಖ. "ದಾಳ ದೇವರ ಕೈಲಿತ್ತು, ಆರು ಕೊಟ್ಟ. ಮಿಕ್ಕ ಹದಿನಾಲ್ಕು ನಿನ್ನ ಹೆಂಡತಿಯದು. ನೋಡಿ ಕಲಿ."

ಡಬ್ಬಿ ತೆರೆದು ಹಿತ್ತಾಳೆಯ ಗುಂಡಿಯನ್ನು ಸೊಸೆಯ ಮುಂದಿಟ್ಟರು. "ಇನ್ಮೇಲೆ ಎರವಲಲ್ಲ. ನಿಂದೇ ಇದು."

ಸೊಸೆ ಒಂದು ಬಟ್ಟೆಯ ಚೂರು ತೆಗೆದುಕೊಂಡು, ಗುಂಡಿಗೆ ಮೆತ್ತಿದ್ದ ಸೀಮೆಸುಣ್ಣದ ಪುಡಿಯನ್ನು ಒರೆಸಿದಳು. ಗುಹೆಯ ಬಾಗಿಲಲ್ಲಿ ನಿಂತಿದ್ದ ಬಿಳಿ ಗುಂಡಿಯನ್ನು ತನ್ನ ಕಡೆಗೆಳೆದುಕೊಂಡಳು. "ನನ್ನ ವೀರೆ ಇವಳೇ ಅತ್ತೆ" ಎಂದು ಹಿತ್ತಾಳೆಯದನ್ನು ಅತ್ತೆಯ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.